ಹೊತ್ತಿಸು, ನೂಕು, ತಣಿಸು: ಬ್ರಿಟನ್ನಿನ ಹಳೆಯ ರಾಕೆಟ್ ಎಂಜಿನ್‌ಗಳ ಜಾಡಿನಲ್ಲಿ ಆರು ದಿನ

ಮೊದಲ ದಿನ: ಸೌತ್ ಕೆನ್ಸಿಂಗ್ಟನ್

2023ರ ಸೆಪ್ಟೆಂಬರ್ ಮೊದಲ ವಾರ ಲಂಡನ್ ಬೆವತು ಹೋಗಿತ್ತು. ದಿನಾ 30 ಡಿಗ್ರಿ ದಾಟುತ್ತಿತ್ತು. ಪಿಕಡಿಲಿ ಮಾರ್ಗದ ಸುರಂಗ ರೈಲಿಗೆ ಎಸಿ ಇರಲಿಲ್ಲ, ಕಿಟಕಿಯಿಂದ ಬರುತ್ತಿದ್ದದ್ದೂ ಬಿಸಿಗಾಳಿಯೇ. ಸೌತ್ ಕೆನ್ಸಿಂಗ್ಟನ್‌ನಲ್ಲಿ ಇಳಿದು, ನೆಲದಡಿಯ ನಡಿಗೆ ದಾರಿ ಹಿಡಿದರೆ ಬಿಸಿಲಿಗೆ ಮೈಯೊಡ್ಡದೆ ಸೈನ್ಸ್ ಮ್ಯೂಸಿಯಂ ತಲುಪಬಹುದು. ಪ್ರವೇಶ ಉಚಿತ. ಆದರೂ ಹೊತ್ತು ಗೊತ್ತುಪಡಿಸಿದ ಚೀಟಿಯನ್ನು ಮೊದಲೇ ತೆಗೆದಿಟ್ಟುಕೊಂಡರೆ ಸರತಿಯಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ.

ಪಕ್ಕದಲ್ಲೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಅಲ್ಲಿರುವ ಟಿಪ್ಪುವಿನ ಹುಲಿಯನ್ನು ನೋಡದೆ ಕನ್ನಡದವರು ಯಾರೂ ಮುಂದೆ ಹೋಗುವುದಿಲ್ಲ, ನಾವೂ ಹೋಗಲಿಲ್ಲ. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳು 1780ರ ಪೊಳ್ಳಿಲೂರು ಕದನದಲ್ಲಿ ಕಂಪನಿ ಸೈನ್ಯದ ಮೇಲೆ ಬಿದ್ದವು. ಮುಂದೆ ಅವುಗಳನ್ನೇ ಇಟ್ಟುಕೊಂಡು ವೂಲಿಚ್‌ನಲ್ಲಿ ಬ್ರಿಟಿಷ್ ಸಂಶೋಧಕ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೇ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ರಾಕೆಟ್ ಸಿಕ್ಕವಲ್ಲ, ಅವೇ. ಅವು ಮದ್ದಿನ ರಾಕೆಟ್‌ಗಳು. ಒಮ್ಮೆ ಹೊತ್ತಿತೆಂದರೆ ಮುಗಿಯಿತು, ತಡೆಯುವವರಿಲ್ಲ. ದ್ರವ ಇಂಧನದ ಎಂಜಿನ್ನಿಗೆ ನಲ್ಲಿ ಇದೆ. ಅದರ ಸುಖವೂ ಆ ನಲ್ಲಿ, ಗೋಳೂ ಆ ನಲ್ಲಿ.

ಸೈನ್ಸ್ ಮ್ಯೂಸಿಯಂನ ನೆಲಮಹಡಿಯಲ್ಲಿ ಎರಡನೇ ಮಹಾಯುದ್ಧದ ಜರ್ಮನ್ ಕ್ಷಿಪಣಿ ವಿ-2 ನೆಟ್ಟಗೆ ನಿಂತಿದೆ. 14 ಮೀಟರ್ ಎತ್ತರ, ಇಂಧನ ತುಂಬಿದಾಗ ಹದಿಮೂರು ಟನ್ನಿಗೆ ಸ್ವಲ್ಪ ಕಡಿಮೆ. ಜನ ಮೂತಿ ನೋಡಿ ಫೋಟೋ ತೆಗೆಯುತ್ತಾರೆ. ನೋಡಬೇಕಾದದ್ದು ಬಾಲ. ದ್ರವ ಎಂಜಿನ್ ಯಾವುದೇ ಇರಲಿ, ಮೂರು ಪ್ರಶ್ನೆ ಕೇಳಿದರೆ ಅದರ ಜಾತಕ ಬಿಚ್ಚಿಕೊಳ್ಳುತ್ತದೆ. ಹೊತ್ತಿಸುವುದು ಹೇಗೆ? ಇಂಧನವನ್ನು ದಹನ ಕೋಣೆಗೆ ನೂಕುವುದು ಹೇಗೆ? ಕೋಣೆಯ ಗೋಡೆ ಕರಗದಂತೆ ತಣಿಸುವುದು ಹೇಗೆ?

ವಿ-2 ಎಂಜಿನ್ನಿನ ನೂಕುಬಲ ಸುಮಾರು 25 ಟನ್, ಉರಿಯುವುದು ಒಂದು ನಿಮಿಷಕ್ಕೆ ತುಸು ಹೆಚ್ಚು. ಇಂಧನ ಎಂದರೆ ಮುಕ್ಕಾಲು ಪಾಲು ಆಲ್ಕೋಹಾಲ್, ಕಾಲು ಪಾಲು ನೀರು. ಅದನ್ನು ಉರಿಸಲು ಮೈನಸ್ 183 ಡಿಗ್ರಿಯಲ್ಲಿ ಕುದಿಯುವ ದ್ರವ ಆಮ್ಲಜನಕ. ಹೆಚ್ಚುಕಡಿಮೆ 3.8 ಟನ್ ಆಲ್ಕೋಹಾಲ್-ನೀರಿಗೆ 4.9 ಟನ್ ಆಮ್ಲಜನಕ. ಆಲ್ಕೋಹಾಲಿಗೆ ನೀರು ಬೆರೆಸಿದ್ದು ಜಿಪುಣತನದಿಂದಲ್ಲ. ನೀರು ಜ್ವಾಲೆಯ ಕಾವು ಇಳಿಸುತ್ತದೆ. ಸಾದಾ ಉಕ್ಕಿನ ಗೋಡೆ ಬಾಳಬೇಕಾದರೆ ಬೇರೆ ದಾರಿಯಿರಲಿಲ್ಲ.

ಕೋಣೆಯ ನೆತ್ತಿಯ ಮೇಲೆ ಕೊಡಗಳನ್ನು ಮಗುಚಿಟ್ಟಂತೆ 18 ಬಟ್ಟಲುಗಳಿವೆ, ಒಳಸುತ್ತಿನಲ್ಲಿ 6, ಹೊರಸುತ್ತಿನಲ್ಲಿ 12. ವಾಲ್ಟರ್ ಥೀಲ್ ಎಂಬ ರಸಾಯನ ತಜ್ಞನ ಬಳಿ ಚೆನ್ನಾಗಿ ಉರಿಯುತ್ತಿದ್ದ ಒಂದೂವರೆ ಟನ್ನಿನ ಸಣ್ಣ ಬಟ್ಟಲೊಂದಿತ್ತು. ದೊಡ್ಡ ಕೋಣೆಗೆ ಹೊಸ ತಲೆ ಹುಡುಕುವ ಬದಲು ಅದನ್ನೇ ಹದಿನೆಂಟು ಸಲ ಕೂರಿಸಿದರು. ಕೆಲಸವಾಯಿತು. ಆದರೆ ಪ್ರತಿ ಬಟ್ಟಲಿಗೂ ಒಂದು ಆಮ್ಲಜನಕದ ಕೊಳವೆ ಬೇಕು, ಒಟ್ಟು 18. ಕೊಳಾಯಿ ಕೆಲಸದವನ ದುಃಸ್ವಪ್ನ. ಚಪ್ಪಟೆ ತಟ್ಟೆಯಂಥ ಒಂದೇ ತಲೆ ಮಾಡುವ ಯೋಚನೆ ಇತ್ತು, ಅದು ತಯಾರಿಕೆಯ ಹಂತಕ್ಕೆ ಬರಲೇ ಇಲ್ಲ.

ತಣಿಸುವ ಕೆಲಸ ಆಲ್ಕೋಹಾಲಿನದೇ. ಅದು ನಾಸಲ್‌ನ (ಉರಿ ಹೊರಚಿಮ್ಮುವ ಬಾಯಿಯ) ತುದಿಯಿಂದ ಎರಡು ಪದರದ ಗೋಡೆಯೊಳಗೆ ಹೊಕ್ಕು, ಮೇಲೇರುತ್ತಾ ಗೋಡೆಯ ಕಾವು ಹೀರಿ, ಆಮೇಲೆ ತಲೆಗೆ ಹೋಗಿ ಉರಿಯುತ್ತದೆ. ಅಷ್ಟೂ ಸಾಲದೆ, ಗೋಡೆಯಲ್ಲಿ ಸಾಲಾಗಿ ಸಣ್ಣ ತೂತು ಕೊರೆದು ಸ್ವಲ್ಪ ಆಲ್ಕೋಹಾಲನ್ನು ಒಳಮೈಗೇ ಹರಿಯಬಿಟ್ಟರು. ಕಾವಲಿಗೆ ಎಣ್ಣೆ ಸವರಿದ ಹಾಗೆ ಒಂದು ತೆಳು ಪೊರೆ. ಹೊತ್ತಿಸುವ ಮೊದಲು ಆ ತೂತುಗಳನ್ನು ಬೇಗ ಕರಗುವ ಮಿಶ್ರಲೋಹದಿಂದ ಮುಚ್ಚಿರುತ್ತಿದ್ದರು. ಬೆಂಕಿ ಬಿದ್ದ ಕೂಡಲೇ ಮುಚ್ಚಳ ಕರಗಿ ಪೊರೆ ಶುರು. ಒಂದು ತೂತು ಕಟ್ಟಿಕೊಂಡರೂ ಅದರ ಕೆಳಗಿನ ಗೋಡೆಗೆ ರಕ್ಷಣೆಯಿಲ್ಲ, ಅಲ್ಲೇ ಸುಟ್ಟು ತೂತು ಬೀಳುತ್ತದೆ.

ನೂಕಲು ಟರ್ಬೋಪಂಪ್. ನಡುವೆ ಟರ್ಬೈನ್, ಆಚೀಚೆ ಎರಡು ಪಂಪ್, ಸುಮಾರು 580 ಅಶ್ವಶಕ್ತಿ. ಟರ್ಬೈನ್ ತಿರುಗಿಸುವ ಉಗಿಗೆ ಬೇರೆಯೇ ಎರಡು ದ್ರವ: 80 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಪರ್ಮಾಂಗನೇಟ್ ದ್ರಾವಣ. ಎರಡೂ ಸೇರಿದ ಕ್ಷಣ ಪೆರಾಕ್ಸೈಡ್ ಒಡೆದು ಬಿಸಿ ಉಗಿ. ಅಂದರೆ ಒಂದು ರಾಕೆಟ್ಟಿಗೆ ನಾಲ್ಕು ದ್ರವ, ನಾಲ್ಕು ಟ್ಯಾಂಕರ್. ಈ ಪೆರಾಕ್ಸೈಡನ್ನು ನೆನಪಿಟ್ಟುಕೊಳ್ಳಿ. ಇಲ್ಲಿ ಎಡಗೈ ಕೆಲಸ ಮಾಡಿಕೊಂಡಿದ್ದ ಅದು ಎರಡು ದಿನ ಬಿಟ್ಟು ಯಜಮಾನನಾಗಿ ಸಿಗುತ್ತದೆ.

ಹೊತ್ತಿಸುವ ಉಪಾಯ ಮಾತ್ರ ನಮ್ಮ ದೀಪಾವಳಿಯ ನೆಲಚಕ್ರ. ಕೋಣೆಯೊಳಗೆ ಕೋಲಿನ ಮೇಲೆ ಗಿರಗಿರ ತಿರುಗುವ ಬಾಣಬಿರುಸು, ಅದರ ಕಿಡಿಗೆ ಟ್ಯಾಂಕಿನಿಂದ ತಾನಾಗಿ ಇಳಿದ ಆಲ್ಕೋಹಾಲ್ ಮತ್ತು ಆಮ್ಲಜನಕ ಹೊತ್ತಿಕೊಳ್ಳಬೇಕು. ಈ ಮೊದಲ ಉರಿಗೆ ರಾಕೆಟ್ ಎತ್ತುವ ಶಕ್ತಿ ಇಲ್ಲ. ಜ್ವಾಲೆ ಸಮವಾಗಿದೆಯೇ ಎಂದು ಕಣ್ಣಲ್ಲಿ ನೋಡಿ ಖಾತ್ರಿಯಾದ ಮೇಲೆ ಟರ್ಬೋಪಂಪ್ ತೆರೆಯುತ್ತಿದ್ದರು. 1942ರ ಅಕ್ಟೋಬರ್ 3ರಂದು ಜರ್ಮನಿಯ ಪೇನೆಮುಂಡೆಯಲ್ಲಿ ವಿ-2 ಮೊದಲ ಬಾರಿ ಸರಿಯಾಗಿ ಹಾರಿತು. 1943ರ ಆಗಸ್ಟ್‌ನಲ್ಲಿ ಬ್ರಿಟಿಷರು ಅಲ್ಲಿ ಬಾಂಬ್ ಹಾಕಿದ ರಾತ್ರಿ ಥೀಲ್ ಸತ್ತ. ಆಮೇಲೆ ತಯಾರಿಕೆ ನಾರ್ಡ್‌ಹೌಸೆನ್ ಬಳಿಯ ಗುಡ್ಡದ ಸುರಂಗಗಳಿಗೆ ಹೋಯಿತು. ಅಲ್ಲಿನ ಮಿಟ್ಟೆಲ್‌ಬೌ-ಡೋರಾ ಶಿಬಿರಗಳಲ್ಲಿ ಸತ್ತ ಕೈದಿಗಳು ಸುಮಾರು 20,000. ಈ ಎಂಜಿನ್ನಿನ ಜಾಣ್ಮೆಯ ಬಗ್ಗೆ ಮಾತಾಡುವಾಗ ಆ ಸಂಖ್ಯೆಯನ್ನು ಬದಿಗಿಡುವುದು ನ್ಯಾಯವಲ್ಲ. 1944ರ ನವೆಂಬರ್ 25ರಂದು ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ ಒಂದು ವಿ-2 ಅಂಗಡಿಯೊಂದರ ಮೇಲೆ ಬಿದ್ದು 168 ಜನ ಹೋದರು. ಮ್ಯೂಸಿಯಂನಿಂದ ಅಲ್ಲಿಗೆ ಹನ್ನೊಂದು-ಹನ್ನೆರಡು ಕಿಲೋಮೀಟರ್.

ಮ್ಯೂಸಿಯಂನ ಬಾಹ್ಯಾಕಾಶ ವಿಭಾಗದಲ್ಲಿ ಚಾವಣಿಯಿಂದ ಬ್ರಿಟನ್ನಿನದೇ ಉಪಗ್ರಹ ರಾಕೆಟ್ ಬ್ಲ್ಯಾಕ್ ಆ್ಯರೋ ಆರ್4 ಅಡ್ಡಡ್ಡ ತೂಗುತ್ತಿತ್ತು. ಹಾರದೆ ಉಳಿದ ಕೊನೆಯದು. ಅದರ ಬಾಲದಲ್ಲಿ ಎಂಟು ಪುಟ್ಟ ನಾಸಲ್. ಎಂಟೂ ಸೇರಿದರೆ ನೂಕುಬಲ 50,000 ಪೌಂಡ್, ಅಂದರೆ ಇಪ್ಪತ್ತಮೂರು ಟನ್ನಿನ ಒಳಗೇ. ವಿ-2ರ ಒಂದೇ ಕೋಣೆಗಿಂತ ಕಡಿಮೆ! ಆದರೂ ಇದು ಉಪಗ್ರಹ ಎತ್ತಿದ ವಂಶ. ಹೇಗೆ ಎಂಬುದು ಮುಂದೆ ವೈಟ್ ದ್ವೀಪದಲ್ಲಿ ಗೊತ್ತಾಗಬೇಕಿತ್ತು.

ಎರಡನೇ ದಿನ: ವೈಟ್ ದ್ವೀಪಕ್ಕೆ

ವಾಟರ್‌ಲೂನಿಂದ ಬ್ರೋಕನ್‌ಹರ್ಸ್ಟ್, ಅಲ್ಲಿಂದ ಪುಟ್ಟ ರೈಲಿನಲ್ಲಿ ಲಿಮಿಂಗ್ಟನ್ ಬಂದರು, ಅಲ್ಲಿಂದ ನಲವತ್ತು ನಿಮಿಷದ ದೋಣಿ. ರೈಲಿನಿಂದ ಇಳಿದು ಹತ್ತು ಹೆಜ್ಜೆಗೆ ದೋಣಿ ಸಿಗುತ್ತದೆ, ಸಾಮಾನು ಹೊತ್ತವರಿಗೆ ಪೋರ್ಟ್ಸ್‌ಮತ್‌ಗಿಂತ ಈ ದಾರಿ ಸಲೀಸು. ನ್ಯೂ ಫಾರೆಸ್ಟ್‌ನ ಕುರುಚಲಿನಲ್ಲಿ ಬಿಡಾಡಿ ಕುದುರೆಗಳು ನಮ್ಮ ಬೀದಿ ದನಗಳ ಠೀವಿಯಲ್ಲೇ ನಿಂತಿದ್ದವು.

ದೋಣಿಯಲ್ಲಿ ಪಕ್ಕ ಕೂತ ಹಿರಿಯರೊಬ್ಬರು ನಾಯಿಗೆ ಬಿಸ್ಕತ್ತು ಮುರಿದು ಹಾಕುತ್ತಾ, "ನೀಡಲ್ಸ್ ಬಂಡೆ ನೋಡಲೋ?" ಎಂದರು. ರಾಕೆಟ್ ಎಂದದ್ದಕ್ಕೆ ಅವರ ಮುಖ ಅರಳಿತು. "ನಾನು ಹುಡುಗನಾಗಿದ್ದಾಗ ಕಿಟಕಿ ಅದುರುತ್ತಿತ್ತು. ಅಮ್ಮ ಅಟ್ಟದ ಪಿಂಗಾಣಿ ಹಿಡಿದುಕೊಳ್ಳುತ್ತಿದ್ದಳು" ಎಂದು ಎರಡು ಕೈಯಲ್ಲೂ ಗಾಳಿಯಲ್ಲಿ ತಟ್ಟೆ ಹಿಡಿದು ತೋರಿಸಿದರು.

ಯಾರ್ಮತ್‌ನಲ್ಲಿ ಇಳಿಯುವಾಗ ಸೆಕೆಯ ವಾರ ಮುಗಿದಿತ್ತು, ಪಶ್ಚಿಮದಿಂದ ಮಂಜು ಏರಿ ಬಂತು. ಆಲಂ ಬೇಯ ಬಣ್ಣದ ಮರಳಿನ ದಂಡೆ ಅರ್ಧ ಕಂಡಿತು, ಅರ್ಧ ಇಲ್ಲ. ಕಾಣದ್ದನ್ನು ಕಾಣಲು ಕಾದು ಕೊನೆಯ ಬಸ್ಸು ತಪ್ಪಿತು. ಟೋಟ್‌ಲ್ಯಾಂಡ್‌ವರೆಗೆ ಎರಡು ಕಿಲೋಮೀಟರ್ ನಡಿಗೆ, ಬೇಲಿಯ ಬ್ಲ್ಯಾಕ್‌ಬೆರಿ ಕಿತ್ತು ತಿನ್ನುತ್ತಾ. ಸಂಜೆ ಬಸ್ಸು ಬೇಗ ನಿಲ್ಲುತ್ತದೆ, ಇಳಿಯುವಾಗಲೇ ಹಿಂದಿರುಗುವ ವೇಳೆ ಕೇಳಿಟ್ಟುಕೊಳ್ಳಿ. ರಾತ್ರಿ ಸಸ್ಯಾಹಾರಿಗೆ ಸಿಕ್ಕಿದ್ದು ಸಿಪ್ಪೆಸಹಿತ ಬೇಯಿಸಿದ ದೊಡ್ಡ ಆಲೂಗಡ್ಡೆ, ಮೇಲೆ ಬೀನ್ಸ್. ವಿ-2ರ ಆಲ್ಕೋಹಾಲಿಗೂ ಇದೇ ಆಲೂಗಡ್ಡೆ ಹುದುಗಿಸಿದ್ದರು.

ಮೂರನೇ ದಿನ: ಹೈ ಡೌನ್

ಬೆಳಗ್ಗೆ ಮಂಜು ಇಲ್ಲ, ಗಾಳಿ. ಆಲಂ ಬೇಯಿಂದ ಏರುದಾರಿಯಲ್ಲಿ ಇಪ್ಪತ್ತೈದು ನಿಮಿಷ ನಡೆದರೆ ಸುಣ್ಣಕಲ್ಲಿನ ಬಿಳಿ ಬಂಡೆಯ ನೆತ್ತಿ, ಕೆಳಗೆ ಸಮುದ್ರ, ಮುಂದೆ ದೀಪಸ್ತಂಭ. ಇಲ್ಲಿ ‘ಬ್ಯಾಟರಿ’ ಎಂದು ಕರೆಯುವ ಎರಡು ಹಳೆಯ ಫಿರಂಗಿ ಕೋಟೆಗಳಿವೆ, ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿ. ಸ್ವಯಂಸೇವಕರು ಇದ್ದರಷ್ಟೇ ನ್ಯೂ ಬ್ಯಾಟರಿ ತೆರೆಯುತ್ತಾರೆ. ಹತ್ತುವ ಮೊದಲು ತೆರೆದಿದೆಯೇ ಎಂದು ಕೇಳುವುದು ಲೇಸು, ಇಲ್ಲದಿದ್ದರೆ ಬೀಗ ನೋಡಿ ಇಳಿಯಬೇಕಾಗುತ್ತದೆ. ಟೋಪಿ ಇಲ್ಲಿ ಉಪಯೋಗಕ್ಕಿಲ್ಲ. ನಮ್ಮದೊಂದು ಟೋಪಿ ಆ ಬೆಳಗ್ಗೆಯೇ ಸಮುದ್ರ ಸೇರಿತು.

ಬಂಡೆಯಂಚಿನಲ್ಲಿ ಕಾಂಕ್ರೀಟಿನ ದೊಡ್ಡ ಮೆಟ್ಟಿಲುಗಳಂತೆ ಕಾಣುವುದು ಪರೀಕ್ಷಾ ಅಟ್ಟಣೆಗಳ ತಳಪಾಯ. ಉಕ್ಕಿನ ಗೋಪುರಗಳು ಈಗಿಲ್ಲ. 1950ರ ದಶಕದ ನಡುವಿನಿಂದ 1971ರವರೆಗೆ ಬ್ಲ್ಯಾಕ್ ನೈಟ್ ಮತ್ತು ಬ್ಲ್ಯಾಕ್ ಆ್ಯರೋ ರಾಕೆಟ್‌ಗಳನ್ನು ಇಲ್ಲಿ ಕಟ್ಟಿಹಾಕಿ ಉರಿಸಿ ನೋಡಿ, ಆಮೇಲೆ ಹಡಗಿನಲ್ಲಿ ಆಸ್ಟ್ರೇಲಿಯಾದ ವೂಮೆರಾಕ್ಕೆ ಕಳಿಸುತ್ತಿದ್ದರು. ಹಾರಿಸುವುದು ಅಲ್ಲಿ, ಇಲ್ಲಿ ಬರೀ ಉರಿ.

ಬ್ಯಾಟರಿಯ ನೆಲದಡಿಯ ಕೋಣೆಗಳಲ್ಲಿ ಪ್ರದರ್ಶನ. ಅಲ್ಲಿದ್ದ ಸ್ವಯಂಸೇವಕ ಅಜ್ಜ ನಾವು ಪೆರಾಕ್ಸೈಡನ್ನು ಒಡೆಯುವ ವೇಗವರ್ಧಕದ ಬಗ್ಗೆ ಕೇಳಿದ್ದೇ ತಡ, ಕುರ್ಚಿಯಿಂದ ಎದ್ದುಬಂದರು. "ಎಲ್ಲರೂ ಬೆಂಕಿಯ ಫೋಟೋ ಎಲ್ಲಿ ಅಂತ ಕೇಳ್ತಾರೆ. ಇದರಲ್ಲಿ ಬೆಂಕಿ ಕಾಣೋದೇ ಕಡಿಮೆ. ಸದ್ದು ಕೇಳಿ ಉರೀತಿದೆ ಅಂತ ತಿಳ್ಕೋಬೇಕು" ಎಂದರು.

ಆ ಎರಡು ರಾಕೆಟ್‌ಗಳ ಎಂಜಿನ್ನಿನ ಹೆಸರು ಗಾಮಾ. ಆರ್ಮ್‌ಸ್ಟ್ರಾಂಗ್ ಸಿಡ್ಲಿ ಕಂಪನಿ ಕಾವೆಂಟ್ರಿ ಹತ್ತಿರದ ಆನ್‌ಸ್ಟಿಯಲ್ಲಿ ಮಾಡಿದ್ದು. ಇಂಧನ ಸೀಮೆಎಣ್ಣೆ, ಅದನ್ನು ಉರಿಸುವುದು 85 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್. ಬ್ರಿಟಿಷರು ಅದಕ್ಕೆ ಎಚ್‌ಟಿಪಿ ಎನ್ನುತ್ತಾರೆ. ವಿ-2ರಲ್ಲಿ ಪಂಪ್ ತಿರುಗಿಸುತ್ತಿದ್ದ ಅದೇ ಆಳು. ಮೂರು ಪ್ರಶ್ನೆಗಳನ್ನೂ ಇಲ್ಲಿ ಆ ಒಂದೇ ದ್ರವಕ್ಕೆ ವಹಿಸಿದ್ದಾರೆ.

ಟ್ಯಾಂಕಿನಿಂದ ಬಂದ ಎಚ್‌ಟಿಪಿ ಮೊದಲು ಕೋಣೆಯ ಗೋಡೆಯ ಸಂದುಗಳಲ್ಲಿ ಹರಿದು ಅದನ್ನು ತಣಿಸುತ್ತದೆ. ಆಮೇಲೆ ಬೆಳ್ಳಿ ಲೇಪಿಸಿದ ನಿಕ್ಕಲ್ ಬಲೆಗಳ ಒತ್ತಿದ ಗಂಟಿನೊಳಗೆ ನುಗ್ಗುತ್ತದೆ. ಕಾಫಿ ಫಿಲ್ಟರಿನೊಳಗೆ ಜಾಲರಿಯ ಮೇಲೆ ಜಾಲರಿ ಪೇರಿಸಿದ್ದನ್ನು ಊಹಿಸಿಕೊಳ್ಳಿ. ಬೆಳ್ಳಿ ತಗುಲಿದ ಕ್ಷಣ ಎಚ್‌ಟಿಪಿ ಒಡೆದು ಸುಮಾರು 600 ಡಿಗ್ರಿಯ ಉಗಿ ಮತ್ತು ಆಮ್ಲಜನಕವಾಗುತ್ತದೆ. ಆ ಬಿಸಿ ಗಾಳಿಗೆ ಸೀಮೆಎಣ್ಣೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ನೆಲಚಕ್ರ ಬೇಡ, ಕಡ್ಡಿ ಬೇಡ. ಟರ್ಬೋಪಂಪಿಗೂ ಅದೇ ಎಚ್‌ಟಿಪಿಯ ಉಗಿ. ಪರ್ಮಾಂಗನೇಟಿನ ಕಂದು ಕೆಸರೂ ಇಲ್ಲ. ನಾಲ್ಕು ದ್ರವ ಇದ್ದದ್ದು ಎರಡಕ್ಕೆ ಇಳಿಯಿತು.

ಲೆಕ್ಕ ಹಾಕಿದರೆ ಅನುಪಾತದ ಗುಟ್ಟೂ ತಿಳಿಯುತ್ತದೆ. ಒಂದು ಕಿಲೋ ಎಚ್‌ಟಿಪಿ ಒಡೆದರೆ ಸಿಗುವುದು 400 ಗ್ರಾಂ ಆಮ್ಲಜನಕ, ಉಳಿದ 600 ಗ್ರಾಂ ಉಗಿ. ಒಂದು ಕಿಲೋ ಸೀಮೆಎಣ್ಣೆ ಪೂರ್ತಿ ಉರಿಯಲು 3.4 ಕಿಲೋ ಆಮ್ಲಜನಕ ಬೇಕು. ಹಾಗಾಗಿ ಸೀಮೆಎಣ್ಣೆ ಒಂದು ಪಾಲಾದರೆ ಎಚ್‌ಟಿಪಿ ಎಂಟು ಪಾಲು. ಇಷ್ಟೊಂದು ಉಗಿ ಸುಮ್ಮನೆ ಹೊರೆ ಅನಿಸಬಹುದು. ಆದರೆ ಎಚ್‌ಟಿಪಿ ಲೀಟರಿಗೆ 1.37 ಕಿಲೋ ತೂಗುವ ಭಾರದ ದ್ರವ. ಅಷ್ಟೇ ತೂಕ ಚಿಕ್ಕ ಟ್ಯಾಂಕಿನಲ್ಲಿ ಹಿಡಿಸುತ್ತದೆ. ಎಂಟು ಪಾಲು ಇದೇ ಹರಿಯುವುದರಿಂದ ತಣಿಸಲು ದ್ರವಕ್ಕೆ ಬರವಿಲ್ಲ. ಉಗಿಯೇ ಹೆಚ್ಚಿರುವುದರಿಂದ ಜ್ವಾಲೆ ಬಹುಪಾಲು ಪಾರದರ್ಶಕ, ಮಸಿ ಇಲ್ಲ. ಅಜ್ಜ ಹೇಳಿದ ಕಾಣದ ಬೆಂಕಿ ಇದೇ.

ಕೆಡುವುದೂ ಇದರಿಂದಲೇ. ಎಚ್‌ಟಿಪಿಗೆ ಬೆಳ್ಳಿಯೊಂದೇ ನೆಪವಲ್ಲ. ತುಕ್ಕು, ತಾಮ್ರ, ಎಣ್ಣೆ, ಕೂದಲು, ಧೂಳು ಯಾವುದು ತಗುಲಿದರೂ ಒಡೆಯಲು ಶುರು. ಒಡೆದಾಗ ಬಿಸಿ, ಬಿಸಿಗೆ ಇನ್ನಷ್ಟು ಒಡೆತ. ಅದಕ್ಕೇ ಟ್ಯಾಂಕು-ಕೊಳವೆಗೆ ಶುದ್ಧ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಉಕ್ಕು, ಅದನ್ನೂ ಆಮ್ಲದಲ್ಲಿ ತೊಳೆದು ಹದ ಮಾಡಿಕೊಳ್ಳಬೇಕು. ಮುಚ್ಚಳ ಬಿಗಿಯಾಗಿ ಹಾಕುವಂತಿಲ್ಲ, ಸುಮ್ಮನಿದ್ದಾಗಲೂ ಅಲ್ಪಸ್ವಲ್ಪ ಆಮ್ಲಜನಕ ಬಿಡುತ್ತಿರುತ್ತದೆ, ಅದಕ್ಕೆ ಉಸಿರುಗಂಡಿ ಬೇಕು. ಉಣ್ಣೆ ಅಥವಾ ಚರ್ಮದ ಮೇಲೆ ಬಿದ್ದರೆ ಹೊಗೆಯಾಡಿ ಹೊತ್ತಿಕೊಳ್ಳಬಹುದು. ಕೆಲಸಗಾರರಿಗೆ ಪಿವಿಸಿ ಉಡುಪು, ಕೈಗೆಟಕುವಂತೆ ನೀರು. ಚೆಲ್ಲಿದರೆ ಮದ್ದು ಒಂದೇ, ಧಾರಾಳ ನೀರು ಸುರಿದು ತೆಳುಮಾಡುವುದು. ಬೆಳ್ಳಿ ಬಲೆಗೂ ಒಂದು ಕಾಯಿಲೆ: ಎಚ್‌ಟಿಪಿ ಕೆಡದಂತೆ ಬೆರೆಸುವ ಫಾಸ್ಫೇಟ್, ತವರದ ಲವಣಗಳು ಬೆಳ್ಳಿಯ ಮೇಲೆ ಕೂತು ಅದನ್ನು ಮಂಕು ಮಾಡುತ್ತವೆ. ಕಾಪಾಡುವುದೇ ಕೊಲ್ಲುವುದು. ದ್ರವ ತೀರಾ ತಣ್ಣಗಿದ್ದರೆ ಶುರುವಿನಲ್ಲಿ ಬಲೆ ತೊಯ್ದು, ಅರೆಬರೆ ಒಡೆದ ಬಿಳಿ ಆವಿ ಹೊರಬರುತ್ತದೆ. ಬಲೆ ಕಾದ ಮೇಲೆ ಸರಿಹೋಗುತ್ತದೆ.

ಬ್ಲ್ಯಾಕ್ ಆ್ಯರೋಗೆ ಎಂಟು ಕೋಣೆ ಯಾಕೆ ಎಂಬುದಕ್ಕೂ ಇಲ್ಲಿ ಉತ್ತರ ಸಿಕ್ಕಿತು. ದೊಡ್ಡ ಕೋಣೆಯಲ್ಲಿ ಉರಿ ಅಲೆಯಲೆಯಾಗಿ ತೊಯ್ದಾಡಿ ಗೋಡೆ ಸೀಳುವ ಅಪಾಯ ಹೆಚ್ಚು. ಪಳಗಿದ ಚಿಕ್ಕದನ್ನೇ ಹಲವು ಸಲ ಇಡುವುದು ಕ್ಷೇಮ. ಥೀಲ್‌ನ ಹದಿನೆಂಟು ಬಟ್ಟಲಿನ ಬುದ್ಧಿಯೇ ಇದು, ಆದರೆ ಇಲ್ಲಿ ಬಟ್ಟಲಷ್ಟೇ ಅಲ್ಲ, ಕೋಣೆಯೂ ಬೇರೆ ಬೇರೆ. ಸೋವಿಯತ್ ಎಂಜಿನ್ ವಿನ್ಯಾಸಕ ಗ್ಲುಶ್ಕೊ ಕೂಡ ಆರ್‌ಡಿ-107ರಲ್ಲಿ ನಾಲ್ಕು ಕೋಣೆಗೆ ಒಂದು ಟರ್ಬೋಪಂಪ್ ಇಟ್ಟ, ಟರ್ಬೈನಿಗೆ ಪೆರಾಕ್ಸೈಡನ್ನೇ ಉಳಿಸಿಕೊಂಡ. ಸೊಯುಜ್‌ನಲ್ಲಿ ಅದು ಇವತ್ತಿಗೂ ಹಾಗೆಯೇ. ಗಾಮಾದ ಕೋಣೆಗಳನ್ನು ಜೋಡಿಜೋಡಿಯಾಗಿ ಓಲಾಡಿಸಿ ರಾಕೆಟ್ಟಿನ ದಿಕ್ಕು ತಿದ್ದುತ್ತಿದ್ದರು. ವಿ-2ರಲ್ಲಿ ಈ ಕೆಲಸ ಜ್ವಾಲೆಯೊಳಗೆ ಇಳಿಬಿಟ್ಟ ಗ್ರಾಫೈಟ್ ರೆಕ್ಕೆಗಳದು. ಅವು ಉರಿಯುತ್ತಾ ಸವೆಯುತ್ತಿದ್ದವು, ನೂಕುಬಲಕ್ಕೂ ಅಡ್ಡ.

ಬ್ಲ್ಯಾಕ್ ಆ್ಯರೋ ಯೋಜನೆ ನಿಲ್ಲಿಸುವುದಾಗಿ ಸರ್ಕಾರ ಪ್ರಕಟಿಸಿದ್ದು 1971ರ ಜುಲೈ 29ರಂದು. ಅಷ್ಟರಲ್ಲಿ ರಾಕೆಟ್ ಆಸ್ಟ್ರೇಲಿಯಾಕ್ಕೆ ಹೊರಟಾಗಿತ್ತು. ಅಕ್ಟೋಬರ್ 28ಕ್ಕೆ ಅದು 66 ಕಿಲೋದ ಪ್ರಾಸ್ಪೆರೋ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಸೂತಕದ ಮನೆಯಲ್ಲಿ ಗಂಡು ಮಗು ಹುಟ್ಟಿದಂತೆ. ಅಜ್ಜ ಈ ಕತೆಯನ್ನು ಎಷ್ಟು ಸಲ ಹೇಳಿದ್ದಾರೋ, ಜುಲೈ ತಿಂಗಳ ಹೆಸರು ಬಂದಾಗ ಮಾತ್ರ ಧ್ವನಿ ಈಗಲೂ ಗಡುಸಾಗುತ್ತದೆ. ಹಳೇ ಬ್ಯಾಟರಿಯ ಚಹಾ ಕೋಣೆಯಲ್ಲಿ ಸ್ಕೋನ್ ಬಿಸಿಯಾಗಿತ್ತು. ಕಿಟಕಿಯಿಂದ ಬಂಡೆಗಳೂ ದೀಪಸ್ತಂಭವೂ ಕಾಣುತ್ತಿದ್ದವು.

ನಾಲ್ಕು ಮತ್ತು ಐದು: ಲೆಸ್ಟರ್

ನಾಲ್ಕನೇ ದಿನ ಪೂರ್ತಿ ದೋಣಿ, ರೈಲು, ಮತ್ತೆ ರೈಲು. ಹೇಳುವಂಥದ್ದು ಸಂಜೆಯ ಬೆಲ್‌ಗ್ರೇವ್ ರಸ್ತೆ. 1972ರಲ್ಲಿ ಉಗಾಂಡಾದಿಂದ ಹೊರದೂಡಿಸಿಕೊಂಡ ಗುಜರಾತಿಗಳು ಕಟ್ಟಿದ ಬೀದಿ. ಮೂರು ದಿನದ ಆಲೂಗಡ್ಡೆಯ ನಂತರ ಖಾಂಡ್ವಿ, ಕಢಿ, ಬಿಸಿ ರೊಟ್ಲಾ. ಅಂಗಡಿಯಮ್ಮ "ಇನ್ನೊಂದು ಹಾಕಲಾ, ಮಗಾ?" ಎಂಬರ್ಥದಲ್ಲಿ ಗುಜರಾತಿಯಲ್ಲಿ ಕೇಳಿದರು, ಉತ್ತರಕ್ಕೆ ಕಾಯದೆ ಹಾಕಿದರು.

ಮರುದಿನ ಜಿಟಿಜಿಟಿ ಮಳೆ. ನ್ಯಾಷನಲ್ ಸ್ಪೇಸ್ ಸೆಂಟರ್‌ನ ರಾಕೆಟ್ ಗೋಪುರ 42 ಮೀಟರ್ ಎತ್ತರದ ಪಾರದರ್ಶಕ ಗುಳ್ಳೆಯ ಹಾಗಿದೆ. ಒಳಗೆ ಬ್ಲೂ ಸ್ಟ್ರೀಕ್ ಮತ್ತು ಅಮೆರಿಕದ ಥಾರ್-ಏಬಲ್ ಪಕ್ಕಪಕ್ಕ. ಲಿಫ್ಟಿನಲ್ಲಿ ಮೇಲೆ ಹೋಗಿ ಮೆಟ್ಟಿಲಲ್ಲಿ ಇಳಿಯುತ್ತಾ ನೋಡಿ, ರಾಕೆಟ್ ತಲೆಯಿಂದ ಬಾಲಕ್ಕೆ ಬಿಚ್ಚಿಕೊಳ್ಳುತ್ತದೆ.

ಬ್ಲೂ ಸ್ಟ್ರೀಕ್ ಕ್ಷಿಪಣಿಯಾಗಿ ಹುಟ್ಟಿದ್ದು. ಬಾಲದಲ್ಲಿ ರೋಲ್ಸ್-ರಾಯ್ಸ್‌ನ ಎರಡು ಆರ್‌ಝಡ್2 ಎಂಜಿನ್. ಒಂದೊಂದರ ನೂಕುಬಲ ಮೊದಲಿಗೆ 137,000 ಪೌಂಡ್, ಅಂದರೆ 62 ಟನ್. ಬೇರು ಅಮೆರಿಕದ ರಾಕೆಟ್‌ಡೈನ್ ಎಸ್-3ರಲ್ಲಿದೆ. ಸೀಮೆಎಣ್ಣೆಯನ್ನು ದ್ರವ ಆಮ್ಲಜನಕದಲ್ಲಿ ಉರಿಸುವ ಎಂಜಿನ್. ಇಲ್ಲಿ ಗೋಡೆ ಎಂದರೆ ಎರಡು ಪದರದ ತಗಡಲ್ಲ, ಸಣ್ಣ ಕೊಳವೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಬೆಸೆದದ್ದು. ಸೀಮೆಎಣ್ಣೆ ಒಂದು ಕೊಳವೆಯಲ್ಲಿ ಇಳಿದು ಪಕ್ಕದ ಕೊಳವೆಯಲ್ಲಿ ಏರುತ್ತದೆ. ಕೊಳವೆಯ ಗೋಡೆ ತೆಳು, ಕಾವು ಬೇಗ ದಾಟುತ್ತದೆ, ಒತ್ತಡವನ್ನೂ ತಡೆಯುತ್ತದೆ. ವಿ-2ಕ್ಕೆ ಬೇಕಾಗಿದ್ದ ನೀರು ಬೆರೆಸಿದ ಆಲ್ಕೋಹಾಲ್ ಇಲ್ಲಿ ಬೇಡವಾದದ್ದು ಈ ಕೊಳವೆಗಳಿಂದ.

ಟರ್ಬೈನಿಗೂ ಬೇರೆ ದ್ರವವಿಲ್ಲ. ಪುಟ್ಟ ಕೋಣೆಯೊಂದರಲ್ಲಿ ಅದೇ ಸೀಮೆಎಣ್ಣೆ-ಆಮ್ಲಜನಕವನ್ನು ಸೀಮೆಎಣ್ಣೆ ಹೆಚ್ಚಿಟ್ಟು ಉರಿಸುತ್ತಾರೆ. ಸಮ ಪ್ರಮಾಣದಲ್ಲಿ ಉರಿಸಿದರೆ ಟರ್ಬೈನ್ ರೆಕ್ಕೆ ಕರಗುತ್ತದೆ, ಎಣ್ಣೆ ಹೆಚ್ಚಾದರೆ ತಣ್ಣಗಿನ ಹೊಗೆ, ಆದರೆ ಮಸಿ. ಸೀಮೆಎಣ್ಣೆ ಪಂಪ್ ಸ್ಟೌ ಉಪಯೋಗಿಸಿದವರಿಗೆ ಈ ಪಾಡು ಗೊತ್ತು. ಪಿನ್ ಹಾಕುವುದು ತಪ್ಪುವುದಿಲ್ಲ. ಕೊಳವೆಯೊಳಗೂ ಕಾವು ಹೆಚ್ಚಿದರೆ ಸೀಮೆಎಣ್ಣೆ ತಳಹಿಡಿಯುತ್ತದೆ. ತಳಹಿಡಿದ ಜಾಗದಲ್ಲಿ ಕಾವು ದಾಟದೆ ಕೊಳವೆ ಸುಡುತ್ತದೆ.

ಒಂದು ಕಿಲೋ ಇಂಧನ ಒಂದು ಕಿಲೋ ನೂಕುಬಲವನ್ನು ಎಷ್ಟು ಸೆಕೆಂಡ್ ಕೊಟ್ಟೀತು ಎಂಬ ಅಳತೆಯಲ್ಲಿ, ನಿರ್ವಾತದಲ್ಲಿ ಗಾಮಾ 265ರ ಆಸುಪಾಸು, ಆರ್‌ಝಡ್2 ಸುಮಾರು 280. ವಿ-2 ನೆಲಮಟ್ಟದಲ್ಲಿ 200 ದಾಟಿ ಸ್ವಲ್ಪ. ಕಾಗದದ ಮೇಲೆ ಆರ್‌ಝಡ್2 ಗೆಲ್ಲುತ್ತದೆ. ಕ್ಷಿಪಣಿಯಾಗಿ ಸೋತದ್ದು ದ್ರವ ಆಮ್ಲಜನಕದಿಂದ. ಅದು ಕುದಿದು ಹಾರಿಹೋಗುತ್ತಿರುತ್ತದೆ, ಮೊದಲೇ ತುಂಬಿಟ್ಟುಕೊಂಡು ಕಾಯುವಂತಿಲ್ಲ, ಶತ್ರುವಿನ ಕ್ಷಿಪಣಿ ಹೊರಟ ಮೇಲೆ ಅರವತ್ತು ಟನ್ ತುಂಬಲು ಹೊತ್ತಿಲ್ಲ. 1960ರ ಏಪ್ರಿಲ್‌ನಲ್ಲಿ ಕ್ಷಿಪಣಿ ರದ್ದು. ಆಮೇಲೆ ಅದನ್ನು ಯುರೋಪಾ ಎಂಬ ಉಡಾವಣಾ ರಾಕೆಟ್ಟಿನ ಮೊದಲ ಹಂತ ಮಾಡಿದರು. 1964ರ ಜೂನ್ 5ರ ಮೊದಲ ಹಾರಾಟದ ಕೊನೆಯಲ್ಲಿ, ಟ್ಯಾಂಕಿನಲ್ಲಿ ಉಳಿದ ದ್ರವ ತುಳುಕಾಡಿ ರಾಕೆಟ್ ಉರುಳಾಡಿ ಎಂಜಿನ್ ಕೆಲವು ಸೆಕೆಂಡ್ ಮೊದಲೇ ನಿಂತಿತು. ಅರ್ಧ ತುಂಬಿದ ಕೊಡ ಹೊತ್ತು ನಡೆದವರಿಗೆ ಇದು ಹೊಸದಲ್ಲ. ಮುಂದಿನ ಹಾರಾಟಗಳಲ್ಲಿ ಮೊದಲ ಹಂತ ಒಳ್ಳೆಯದೇ ಮಾಡಿತು, ಮೇಲಿನ ಹಂತಗಳು ಕೈಕೊಟ್ಟವು. ಯುರೋಪಾ ಮುಳುಗಿತು. ಅದರ ಜಾಗಕ್ಕೆ ಬಂದದ್ದು ಏರಿಯಾನ್. ಏರಿಯಾನ್‌ನ ವೈಕಿಂಗ್ ಎಂಜಿನ್ನಿನ ತಂತ್ರಜ್ಞಾನ 1974ರ ಒಪ್ಪಂದದ ಮೂಲಕ ಇಸ್ರೋಗೆ ಬಂದು ವಿಕಾಸ್ ಆಯಿತು. ಅದು ಉರಿಸುವುದು ಹೊರಗಿನ ಸಾಮಾನ್ಯ ತಾಪದಲ್ಲೇ ಇಡಬಲ್ಲ, ತಾಗಿದರೆ ತಾವೇ ಹೊತ್ತುವ ದ್ರವಗಳನ್ನು. ಆ ಜಾತಿಯ ಅಜ್ಜ ಕಾಸ್ಫರ್ಡ್‌ನಲ್ಲಿದ್ದಾನೆ.

ಇನ್ನೂ ಒಂದು: ಹಾರದೆ ಉಳಿದ ಬ್ಲೂ ಸ್ಟ್ರೀಕ್ ಒಂದರ ತುಂಡು ಫ್ರೆಂಚ್ ಗಯಾನಾದಲ್ಲಿ ಕೋಳಿಗೂಡಾಯಿತು. ಅರ್ಧ ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಉಕ್ಕು, ತುಕ್ಕು ಹಿಡಿಯುವ ಮಾತಿಲ್ಲ. ಕೋಳಿಗಳಿಗೆ ದೂರು ಇದ್ದಿರಲಾರದು.

ಆರನೇ ದಿನ: ಕಾಸ್ಫರ್ಡ್

ಬರ್ಮಿಂಗ್‌ಹ್ಯಾಮ್‌ನಲ್ಲಿ ರೈಲು ಬದಲಿಸಿ, ವುಲ್ವರ್‌ಹ್ಯಾಂಪ್ಟನ್ ದಾಟಿದರೆ ಪುಟ್ಟ ನಿಲ್ದಾಣ. ಅಲ್ಲಿಂದ ಆರ್‌ಎಎಫ್ ಮ್ಯೂಸಿಯಂಗೆ ಹೊಲದ ಪಕ್ಕದ ನಡಿಗೆ. ಎಲ್ಲ ರೈಲೂ ಇಲ್ಲಿ ನಿಲ್ಲುವುದಿಲ್ಲ, ಫಲಕ ನೋಡಿ ಹತ್ತಿ. ನಾವು ನೋಡದೆ ಹತ್ತಿ, ಮುಂದೆ ಇಳಿದು ಹಿಂದೆ ಬಂದೆವು.

ಮೆಸ್ಸರ್‌ಶ್ಮಿಟ್ 163 ಎಂಬ ಬಾಲವಿಲ್ಲದ ಗುಂಡು ಜರ್ಮನ್ ವಿಮಾನದಲ್ಲಿ ಹೆಲ್ಮುತ್ ವಾಲ್ಟರ್ ಕಂಪನಿಯ ಎಂಜಿನ್. ಗಾಮಾಗೆ ಹಿರಿಯಣ್ಣ. 80 ಪ್ರತಿಶತದ ಪೆರಾಕ್ಸೈಡಿಗೆ ಹೈಡ್ರಾಜಿನ್ ಹೈಡ್ರೇಟ್, ಮೆಥನಾಲ್, ನೀರಿನ ಮಿಶ್ರಣ ತಾಗಿದರೆ ಸಾಕು, ಬೆಂಕಿ. ಗರಿಷ್ಠ 1,700 ಕಿಲೋ ನೂಕುಬಲ, ಏಳೆಂಟು ನಿಮಿಷದಲ್ಲಿ ಇಂಧನ ಖಾಲಿ. ಎರಡೂ ದ್ರವ ನೋಡಲು ನೀರಿನಂತೆ. ಒಂದರ ಪಾತ್ರೆ ಇನ್ನೊಂದಕ್ಕೆ ಬಳಸಿದರೆ ಸ್ಫೋಟ, ಅದಕ್ಕೇ ಟ್ಯಾಂಕರ್‌ಗಳೂ ಬೇರೆ, ಸಿಬ್ಬಂದಿಯೂ ಬೇರೆ. ಗಾಮಾ ಈ ಎರಡನೇ ವಿಷವನ್ನು ಬಿಟ್ಟು ಸೀಮೆಎಣ್ಣೆ ಹಿಡಿದದ್ದು ದೊಡ್ಡ ಬುದ್ಧಿವಂತಿಕೆ.

ವಾಸರ್‌ಫಾಲ್ ಎಂಬುದು ಜರ್ಮನಿ ಮಾಡಿದ, ವಿಮಾನಗಳನ್ನು ಹೊಡೆಯುವ ಕ್ಷಿಪಣಿ, ವಿ-2ರ ಮರಿಯಂತೆ ಕಾಣುತ್ತದೆ. ಒಳಗಿನ ಬುದ್ಧಿ ಬೇರೆ. ನೈಟ್ರಿಕ್ ಆಮ್ಲ ಒಂದು ಕಡೆ, ವಿಸೋಲ್ ಎಂಬ ಇಂಧನ ಇನ್ನೊಂದು ಕಡೆ, ತಾಗಿದರೆ ತಾನೇ ಹೊತ್ತುತ್ತದೆ. ಪಂಪ್ ಇಲ್ಲವೇ ಇಲ್ಲ. ದೊಡ್ಡ ಒತ್ತಡದ ನೈಟ್ರೋಜನ್ ಟ್ಯಾಂಕುಗಳನ್ನು ಒತ್ತಿ ದ್ರವವನ್ನು ಹಿಂಡುತ್ತದೆ. ಅದೇ ಪಂಪ್ ಸ್ಟೌ: ಗಾಳಿ ತುಂಬು, ಎಣ್ಣೆ ಮೇಲೇರುತ್ತದೆ. ಬೆಲೆ ತೆರುವುದು ತೂಕದಲ್ಲಿ. ಒತ್ತಡ ತಡೆಯಲು ಟ್ಯಾಂಕಿನ ಗೋಡೆ ದಪ್ಪವಿರಬೇಕು, ರಾಕೆಟ್ ದೊಡ್ಡದಾದಂತೆ ಈ ದಪ್ಪ ಹೊರಲಾಗುವುದಿಲ್ಲ. ಆದರೆ ಆಮ್ಲ ಕುದಿದು ಹಾರಿಹೋಗುವುದಿಲ್ಲ, ತುಂಬಿ ಇಡಬಹುದು. ಸೈನ್ಯಕ್ಕೆ ಬೇಕಾದದ್ದು ಅದೇ. ರಷ್ಯದಲ್ಲಿ ಇಸಾಯೆವ್ ಆಮ್ಲದ ಎಂಜಿನ್‌ಗಳನ್ನು ಪಳಗಿಸಿದ, ಸ್ಕಡ್ ಕುಲದ ಆರ್-11ಕ್ಕೂ ವಿಮಾನವಿರೋಧಿ ಎಸ್‌ಎ-2ಕ್ಕೂ. 1988ರ ಫೆಬ್ರವರಿ 25ರಂದು ಹಾರಿದ ನಮ್ಮ ಪೃಥ್ವಿಯ ಎಂಜಿನ್ ಎಸ್‌ಎ-2ರದನ್ನು ಬಿಚ್ಚಿ ಕಲಿತ ವಿದ್ಯೆಯಿಂದ ಬಂದದ್ದು, ಅದರಲ್ಲೂ ಉರಿಸುವುದು ನೈಟ್ರಿಕ್ ಆಮ್ಲವೇ.

ಶೀತಲ ಸಮರದ ಸಭಾಂಗಣದಲ್ಲಿ ಬ್ಲೂ ಸ್ಟೀಲ್. ವಿಮಾನದ ಹೊಟ್ಟೆಯಡಿ ನೇತುಹಾಕುತ್ತಿದ್ದ ಕ್ಷಿಪಣಿ. ಸ್ಟೆಂಟರ್ ಎಂಬ ಎಂಜಿನ್ನಿನಲ್ಲಿ ಮತ್ತೆ ಎಚ್‌ಟಿಪಿ-ಸೀಮೆಎಣ್ಣೆ, ದೊಡ್ಡದೊಂದು ಕೋಣೆ 24,000 ಪೌಂಡ್, ಚಿಕ್ಕದೊಂದು 6,000. ಏರಲು ದೊಡ್ಡದು, ಓಡಲು ಚಿಕ್ಕದು. ಕೊಠಡಿಯ ಮೂಲೆಯಲ್ಲಿ ಇಂಧನ ತುಂಬುವವರ ಉಡುಪಿನ ಬಗ್ಗೆ ಇಬ್ಬರು ನಿವೃತ್ತರು ತಮ್ಮತಮ್ಮಲ್ಲೇ ವಾದಿಸುತ್ತಿದ್ದರು. ಬೇಸಿಗೆಯಲ್ಲಿ ಪಿವಿಸಿಯೊಳಗೆ ಬೂಟಿನಲ್ಲಿ ಬೆವರು ನಿಲ್ಲುತ್ತಿತ್ತು ಎಂಬುದು ಒಬ್ಬರ ಮಾತು. ಇನ್ನೊಬ್ಬರ ಪ್ರಕಾರ ಬೆವರಿಗಿಂತ ಕೆಟ್ಟದ್ದು ಮೂಗಿನ ತುದಿಯ ತುರಿಕೆ, ಮುಸುಕು ಹಾಕಿದ ಮೇಲೆ ಅದನ್ನು ಕೆರೆಯುವಂತಿಲ್ಲ. ಐದು ಗಂಟೆಗೆ ಮುಚ್ಚುವ ಗಂಟೆ ಬಾರಿಸಿದಾಗಲೂ ಅವರ ವಾದ ಮುಗಿದಿರಲಿಲ್ಲ.